ಸೆರಗಿನ ಗಂಟಿನ ಸೀಟಿ

ನಮ್ಮ ಚಿಗವ್ವ ನೀಲವ್ವನ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಗಂಟು ಇರುತ್ತಿತ್ತು. ಬೇರೆ ಹೆಂಗಸರು ಅಂಥ ಗಂಟಿನಲ್ಲಿ ಕೀಲಿಕೈಯನ್ನೋ ಎಲೆ ಅಡಿಕೆಯನ್ನೋ ಕಟ್ಟಿಕೊಂಡರೆ ಇವಳು ಕುಕ್ಕರಿನ ಸೀಟಿ ಕಟ್ಟಿಕೊಂಡಿದ್ದಳು. ಮುಚ್ಚಳದ ಮೇಲೆ ಕೂತು, ಉಗಿ ಏರಿದಾಗ ಕೂಗುತ್ತದಲ್ಲ, ಅದೇ ಹೆಬ್ಬೆರಳು ಗಾತ್ರದ ಭಾರದ ತುಂಡು. ಅವಳು ನಡೆದರೆ ಅದು ಮೊಣಕಾಲಿಗೆ ಬಡಿಯುತ್ತಿತ್ತು. ಊರ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಅವಳು ಬಗ್ಗಿ ಮಕ್ಕಳಿಗೆ ಬಡಿಸುವಾಗ ತಾಟಿಗೆ ತಾಗಿ ಟಣ್ಣೆನ್ನುತ್ತಿತ್ತು.

"ಯಾಕ ಚಿಗವ್ವಾ, ಮನ್ಯಾಗ ಇಡಾಕ ಜಾಗ ಇಲ್ಲೇನು?" ಎಂದು ಒಮ್ಮೆ ಕೇಳಿದ್ದೆ.

"ಜಾಗ ಐತಿ. ನಂಬಿಗಿ ಇಲ್ಲ," ಎಂದಿದ್ದಳು.

ಕುಳ್ಳಗಿದ್ದಳು, ಕಪ್ಪಗಿದ್ದಳು, ಹಣೆ ತುಂಬ ವಿಭೂತಿ. ದನಿ ಮಾತ್ರ ಆ ದೇಹಕ್ಕೆ ಸಂಬಂಧವೇ ಇಲ್ಲದಷ್ಟು ದೊಡ್ಡದು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಮಾತಾಡಿದರೆ ಡ್ರೈವರ್ ತಿರುಗಿ ನೋಡುತ್ತಿದ್ದ. ನನ್ನ ಅವ್ವ, ಅಂದರೆ ಅವಳ ಅಕ್ಕ, ತೀರ ಮೆತ್ತಗಿನ ಹೆಂಗಸು. "ಸ್ವಲ್ಪ ಸಣ್ಣಕ ಮಾತಾಡ ನೀಲಾ," ಎಂದು ಸೆರಗು ಜಗ್ಗಿದರೆ ಚಿಗವ್ವ, "ಯಾಕ, ಕದ್ದ ಮಾತೇನು?" ಎಂದು ಇನ್ನೂ ಒಂದು ಮೆಟ್ಟಿಲು ಏರಿಸುತ್ತಿದ್ದಳು.

ಆ ಸೀಟಿಯ ಕತೆ ಹೇಳಬೇಕು. ಗೋಕಾಕದಲ್ಲಿ ಹುಟ್ಟಿದ ಚಿಗವ್ವನನ್ನು ಮೂಡಲಗಿ ಕಡೆಯ ತುಕ್ಕಾನಟ್ಟಿಗೆ ಕೊಟ್ಟಿದ್ದರು. ಮದುವೆಯಾಗಿ ನಾಲ್ಕನೇ ವರ್ಷಕ್ಕೆ ಗಂಡ ಕಾಮಾಲೆಯಾಗಿ ತೀರಿಹೋದ. ಮಕ್ಕಳಿರಲಿಲ್ಲ. ವರ್ಷ ತುಂಬುವುದರೊಳಗೆ ಗಂಡನ ಅಣ್ಣ ಮನೆ ಪಾಲು ಮಾಡಿಸಿದ. ಅವಳ ಪಾಲಿಗೆ ಬಂದದ್ದು ಒಂದು ಕೋಣೆ, ಅದರ ಹಿಂದಿನ ಹಿತ್ತಲಿನ ಎರಡು ಪೇರಲ ಗಿಡ, ನಾಲ್ಕು ಪಾತ್ರೆ, ಒಂದು ಕುಕ್ಕರ್. ಕುಕ್ಕರಿಗೆ ಸೀಟಿ ಇರಲಿಲ್ಲ. ಕೇಳಿದರೆ "ಎಲ್ಲೋ ಕಳದೈತಿ" ಎಂದರು. ಅದು ಭಾವನ ಕಡೆಯ ಗೋಡೆಯ ಮಾಡದಲ್ಲಿ ಕಣ್ಣೆದುರಿಗೇ ಕೂತಿತ್ತು.

"ಒಂಟಿ ಹೆಣಮಗಳು, ಗಡಿಗ್ಯಾಗ ಒಂದ ಹಿಡಿ ಅಕ್ಕಿ ಹಾಕ್ಕೊಂಡ್ರ ಆತು. ಸೀಟಿ ಯಾಕ ಬೇಕ ಆಕಿಗೆ?" ಎಂದು ಭಾವ ಪಂಚರೆದುರು ನಕ್ಕನಂತೆ.

ಮರುದಿನ ಚಿಗವ್ವ ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಗೋಕಾಕಕ್ಕೆ ಬಂದಳು. ನಾನಾಗ ಆರನೇ ಇಯತ್ತೆ, ದೀಪಾವಳಿ ಸೂಟಿಯಲ್ಲಿ ಮನೆಯಲ್ಲಿದ್ದೆ. ಅವಳ ಜೊತೆ ಪೇಟೆಗೆ ಹೋದೆ. ಕುಕ್ಕರ್ ರಿಪೇರಿಯವನು ಮುಚ್ಚಳಕ್ಕೆ ಹೊಂದುವ ಸೀಟಿ ಹುಡುಕಿ, ಎರಡು ಬಟ್ಟಲು ನೀರು ಹಾಕಿ, ಒಲೆಯ ಮೇಲಿಟ್ಟು ಕೂಗಿಸಿ ತೋರಿಸಿದ. "ಇನ್ನೊಮ್ಮೆ ಹೊಡಸ್ರಿ," ಎಂದಳು. ಹೊಡೆಸಿದ. "ಮತ್ತೊಮ್ಮೆ." ಸುತ್ತ ಮಂದಿ ಕೂಡಿದರು. ಅವನು ಹಣೆ ಒರೆಸಿಕೊಂಡು, "ಅಕ್ಕಾರ, ಇದೇನ ಬ್ಯಾಂಡ್ ಅಲ್ರಿ," ಎಂದ. ಚಿಗವ್ವನಿಗೆ ಅದು ಬ್ಯಾಂಡಿಗಿಂತ ಹೆಚ್ಚಿತ್ತು.

ನಾನೂ ಹಟ ಮಾಡಿ ಅವಳ ಜೊತೆ ತುಕ್ಕಾನಟ್ಟಿಗೆ ಹೋದೆ. ಪಾಲಿನಲ್ಲಿ ಕಾಳು ಕಡಿ ಇನ್ನೂ ಹಂಚಿರಲಿಲ್ಲ. ಅಂದಿಗೆ ಪೂರ್ತಿಯಾಗಿ ಅವಳದು ಎನ್ನುವಂಥದ್ದು ಹಿತ್ತಲಿನ ಪೇರಲ ಹಣ್ಣು ಮಾತ್ರ. ಅವ್ವ ಕೊಟ್ಟು ಕಳಿಸಿದ ಬೆಲ್ಲವಿತ್ತು. ಜೊತೆಗೆ ಕರದಂಟಿಗೆಂದು ಕುಟ್ಟಿಟ್ಟಿದ್ದ ಏಲಕ್ಕಿ, ಲವಂಗ, ಜಾಜಿಕಾಯಿ, ಒಣಶುಂಠಿಯ ಪುಡಿಯ ಪುಡಿಕೆ ಇತ್ತು. ಚಿಗವ್ವ ಹಣ್ಣು ಹೆಚ್ಚಿ ಕುಕ್ಕರಿಗೆ ಹಾಕಿ, ಸ್ಟೋವ್ ಹಚ್ಚಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಗೋಡೆಯ ಆಚೆ ಭಾವನ ಅಡುಗೆಮನೆ.

ಸೀಟಿ ಕೂಗಿತು. ಆಚೆ ಕಡೆ ಮಾತು ನಿಂತಿತು. ಎರಡನೆಯದು ಕೂಗಿದಾಗ ಭಾವ ಬಾಗಿಲಿಗೆ ಬಂದು ನಿಂತ.

"ಯಾರದ ಅದು ಸೀಟಿ?"

"ನಂದ್ರಿ, ಭಾವಾರ," ಎಂದಳು ಚಿಗವ್ವ. ಕೂತಲ್ಲಿಂದ ಏಳಲಿಲ್ಲ. ಮಾತಿನ ಕೊನೆಯ 'ರಿ' ಮಾತ್ರ ಬಿಡಲಿಲ್ಲ. ಅವಳ ಜಗಳದಲ್ಲಿ ಮರ್ಯಾದೆಗೆ ಯಾವತ್ತೂ ಕಡಿಮೆ ಇರಲಿಲ್ಲ. ಆ ರಾತ್ರಿಯಿಂದ ಸೀಟಿ ಸೆರಗಿನ ಗಂಟಿಗೆ ಹೋಯಿತು.

ಅಂದು ಕುಕ್ಕರಿನಲ್ಲಿ ಬೆಂದು ಆದದ್ದಕ್ಕೆ ಅವಳು ಗುಳಂಬ ಎಂದು ಹೆಸರಿಟ್ಟಳು. ನಮ್ಮ ಕಡೆ ಗುಳಂಬವೆಂದರೆ ಮಾವಿನಕಾಯಿಗೆ ಬೆಲ್ಲ ಹಾಕಿ ಕುದಿಸಿದ್ದು. ಪೇರಲದ್ದಕ್ಕೆ ಆ ಹೆಸರು ಸಲ್ಲದು ಎಂದು ಹೇಳಿದವರು ಎಷ್ಟೋ ಜನ. "ಮಾವಿನ ಗಿಡ ನನ್ನ ಪಾಲಿಗೆ ಬಂದಿಲ್ರಿ. ಬಂದಿದ್ದ ಪೇರಲ. ನಾ ಮಾಡೀನಿ, ನಾ ಗುಳಂಬ ಅಂತೇನಿ. ತಿಂದ ನೋಡಿ ಆಮ್ಯಾಲ ವಾದಾ ಮಾಡ್ರಿ," ಎಂದು ಕಟಿರೊಟ್ಟಿಯ ಮೇಲೆ ಸವರಿ ಕೈಗಿಡುತ್ತಿದ್ದಳು. ತಿಂದವರು ವಾದ ಮಾಡುತ್ತಿರಲಿಲ್ಲ. ಕಂದು ಬಣ್ಣ, ನಾಲಿಗೆಗೆ ಮೊದಲು ಬೆಲ್ಲ, ಆಮೇಲೆ ಹಣ್ಣು, ಗಂಟಲಿಗೆ ಇಳಿಯುವಾಗ ಶುಂಠಿಯ ಸಣ್ಣ ಖಾರ. ಈಗ ಬರೆಯುವಾಗಲೂ ಬಾಯಲ್ಲಿ ನೀರು ಬರುತ್ತಿದೆ.

ನನ್ನನ್ನು ಹುಕ್ಕೇರಿಗೆ ಕೊಟ್ಟರು. ಏಳು ತಿಂಗಳ ಬಸುರಿಯಾಗಿದ್ದಾಗ ಗಂಡನ ಮನೆಯಲ್ಲಿ ಕುಬಸದ ಕಾರ್ಯ ಇಟ್ಟರು. ತವರಿನವರು ಬುತ್ತಿ ಕಟ್ಟಿಕೊಂಡು, ಹಸಿರು ಸೀರೆ ತಂದು, ಬಸುರಿಗೆ ಉಡಿಸಿ ಉಣಿಸುವ ಹಬ್ಬ. ಅವ್ವನ ಬುತ್ತಿಯಲ್ಲಿ ಹೋಳಿಗೆ, ಕರದಂಟು ಇದ್ದವು. ಚಿಗವ್ವ ಒಂದು ಸ್ಟೀಲ್ ಡಬ್ಬಿ ತುಂಬ ಗುಳಂಬ ತಂದಿದ್ದಳು. ಅದರಲ್ಲಿ ಮೊದಲ ತುತ್ತು ತನ್ನ ಕೈಯಿಂದ ನನಗೆ ತಿನ್ನಿಸಬೇಕೆಂದು ತುಕ್ಕಾನಟ್ಟಿಯಿಂದಲೇ ಹೇಳಿಕೊಂಡು ಬಂದಿದ್ದಳಂತೆ.

ಅತ್ತೆ ಡಬ್ಬಿ ಇಸಿದುಕೊಂಡು ಕಟ್ಟೆಯ ಕೆಳಗೆ ಸರಿಸಿದರು. "ನೀಲವ್ವಾರ, ನೀವು ಒಳಗ ಕುಂದರ್ರಿ. ಮುತ್ತೈದೇರದು ಮುಗೀಲಿ, ಊಟಕ್ಕ ಕರೀತೇವಿ," ಎಂದರು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ದಿನಾ ಹೇಳುವ ಮಾತಿನಂತೆ ಹೇಳಿದರು.

ಚಿಗವ್ವ ಡಬ್ಬಿ ಎತ್ತಿಕೊಂಡು ಪಡಸಾಲೆಯ ನಡುವೆ ನಿಂತಳು.

"ಗ್ವಾಡಿಗೆ ಬಸವಣ್ಣನ ಫೋಟೋ ಹಾಕೀರಿ. ದಿನಾ ಹೂವ ಏರಸ್ತೀರಿ. ಗಂಡ ಸತ್ತಾಕಿ ಕೈ ಮೈಲಿಗಿ ಅಂತ ಆತ ಯಾವಾಗ ಹೇಳ್ಯಾನ್ರಿ?"

ಅವ್ವ ನೆಲ ನೋಡುತ್ತಿದ್ದಳು. ಚಿಗವ್ವ ನನ್ನ ಕಡೆ ತಿರುಗಿದಳು. ಆ ದೊಡ್ಡ ದನಿ ಒಮ್ಮೆಲೇ ಸಣ್ಣದಾಯಿತು. "ತಿನ್ನೂ ಬಾಯಿ ಸುಮಾಂದು. ಸುಮಾ ಹೇಳ್ಲಿ. ತಿನಸಲೇನವಾ?"

ನಾನು ಬಿ.ಎ. ಮುಗಿಸಿದವಳು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಢಾಲು ಗೆದ್ದವಳು. "ಹೂಂ" ಎಂದಿದ್ದರೆ ಸಾಕಿತ್ತು. ಕೈಯ ಹಸಿರು ಬಳೆಗಳನ್ನು ಎಣಿಸುವವಳ ಹಾಗೆ ನೋಡುತ್ತ ಕೂತೆ. ಅವಳು ಸಾಕಷ್ಟು ಹೊತ್ತು ಕಾದಳು. ನಾಚಿಕೆಯಾಗುತ್ತದೆ ಇದನ್ನು ಬರೆಯಲು, ಆದರೆ ಬರೆಯದೆ ಅವಳ ಚಿತ್ರ ಪೂರ್ತಿಯಾಗುವುದಿಲ್ಲ.

"ಆತ್ ಬಿಡ," ಎಂದು ಡಬ್ಬಿ ಮುಚ್ಚಿದಳು. ಒಳಗೆ ಮಾತ್ರ ಹೋಗಲಿಲ್ಲ. ಮುತ್ತೈದೆಯರ ಸಾಲಿನ ನಟ್ಟನಡುವೆ ಕೂತು ಎರಡು ಹೋಳಿಗೆ ತಿಂದು, "ತುಪ್ಪ ಇನ್ನೊಂದ ಚೂರ ಹಾಕ್ರಿ," ಎಂದು ಕೇಳಿ ಹಾಕಿಸಿಕೊಂಡಳು. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಮುಂದಿನದು ಅವ್ವ ಹೇಳಿದ್ದು. ಗೋಕಾಕಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ಚಿಗವ್ವ ಡಬ್ಬಿ ಬಿಚ್ಚಿ, "ಯಾರ ಹಂತೇಕ ರೊಟ್ಟಿ ಅದಾವ, ತಗೀರಿ. ಕುಬಸದ ಗುಳಂಬ ಐತಿ," ಎಂದು ಕೂಗಿದಳಂತೆ. ಹೆಂಗಸರು ಗಂಟು ಬಿಚ್ಚಿ ರೊಟ್ಟಿ ಚಾಚಿದರು. ಕುರಿಗಾರರ ಮನೆಯ ಒಬ್ಬ ಬಸುರಿ ಹುಡುಗಿ ಕಿಟಕಿಯ ಹತ್ತಿರ ಕೂತಿದ್ದಳಂತೆ. ಚಿಗವ್ವ ಅವಳ ಪಕ್ಕ ಕೂತು, "ನನಗ ಗಂಡ ಇಲ್ಲವಾ, ಮೊದಲ ಹೇಳ್ತೇನಿ. ನಡೀತೈತೇನು?" ಎಂದು ಕೇಳಿದಳು. ಆ ಹುಡುಗಿ, "ನಡೀದೇ ಏನ? ಹಸಿವ್ಯಾಗೇತಿ, ಹಾಕ ಯವ್ವಾ," ಎಂದು ಬಾಯಿ ತೆರೆದಳಂತೆ. ಅವ್ವ ಇದನ್ನು ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. ಹೆಸರೂ ಗೊತ್ತಿಲ್ಲದ ಆ ಹುಡುಗಿ ಬಾಯಿ ತೆರೆದಿದ್ದಳು, ನಾನು ಮುಚ್ಚಿಕೊಂಡು ಕೂತಿದ್ದೆ.

ಬಾಣಂತನ ಮುಗಿಸಿ, ಮಗಳನ್ನು ಅವ್ವನ ಮಡಿಲಲ್ಲಿ ಬಿಟ್ಟು ತುಕ್ಕಾನಟ್ಟಿಗೆ ಹೋದೆ. ತಪ್ಪಾಯಿತು ಎಂದು ಕಣ್ಣೀರು ಹಾಕಿದೆ.

"ನನ್ನ ಮುಂದ ಅಂದ್ರ ಏನ ಬಂತ? ಅವರ ಮುಂದ ಅನ್ನಬೇಕಿತ್ತ. ಹೋಗ್ಲಿ, ಮೂಗ ಒರಸ್ಕೋ. ಹಣ್ಣ ಹೆಚ್ಚ," ಎಂದಳು.

ಅಂದು ಕಲಿಸಿದಳು. ಹಣ್ಣು ಅರ್ಧ ಕುಕ್ಕರಿಗಿಂತ ಮೇಲೆ ಹೋಗಬಾರದು, ನೊರೆ ಉಕ್ಕಿ ಸೀಟಿಯ ತೂತು ಕಟ್ಟುತ್ತದೆ. ಬೆಲ್ಲ ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಮೂರು ಸೀಟಿ ಆದ ಮೇಲೆ ಒಲೆ ಆರಿಸಿ ಕೈ ಕಟ್ಟಿ ಕೂಡಬೇಕು. ಉಗಿ ಇಳಿದ ಮೇಲೆ ಹಣ್ಣನ್ನು ಸಾಣಿಗೆಯಲ್ಲಿ ತಿಕ್ಕಿ ಬೀಜ ತೆಗೆದು, ಆಗ ಬೆಲ್ಲ, ಆಗ ಮಸಾಲೆ. ಮುಚ್ಚಳವಿಲ್ಲದೆ ತಿರುವುತ್ತ ಕುದಿಸಿ, ತಾಟಿನ ಮೇಲೆ ಒಂದು ಹನಿ ಹಾಕಿದರೆ ಸುತ್ತ ನೀರು ಬಿಡದಷ್ಟು ಗಟ್ಟಿ ಮಾಡಬೇಕು. ನನಗೆ ಕೈ ಕಟ್ಟಿ ಕೂಡಲಾಗಲಿಲ್ಲ. ಅವಳು ಹಿತ್ತಲಿಗೆ ಹೋದಾಗ ಸೌಟಿನಿಂದ ಸೀಟಿ ಎತ್ತಿದೆ. ಬಿಸಿ ತಿರುಳು ಬುಸ್ಸೆಂದು ಜಂತಿಗೆ ಹಾರಿತು. ಓಡಿ ಬಂದವಳು ಮೊದಲು ನನ್ನ ಮುಖ, ಕೈ ತಿರುಗಿಸಿ ನೋಡಿದಳು, ಆಮೇಲೆ ತಲೆಗೊಂದು ಮೊಟಕಿದಳು. "ಬಾಯಿ ಬಿಡೂ ಹೊತ್ನ್ಯಾಗ ಬಿಡಂಗಿಲ್ಲ, ಕಾಯೂ ಹೊತ್ನ್ಯಾಗ ಕಾಯಂಗಿಲ್ಲ!" ಎಂದು ಬಿದ್ದು ಬಿದ್ದು ನಕ್ಕಳು. ಜಂತಿಗೆ ಹತ್ತಿದ ಆ ಕಲೆಯನ್ನು ಎಷ್ಟು ದೀಪಾವಳಿ ಬಂದರೂ ಸುಣ್ಣ ಹಚ್ಚಿ ಮುಚ್ಚಲಿಲ್ಲ.

ಕಳೆದ ವರ್ಷ ಚಿಗವ್ವನಿಗೆ ಉಬ್ಬಸ ಹೆಚ್ಚಾಯಿತು. ಗೋಕಾಕಕ್ಕೆ ಬಾ ಎಂದು ಅವ್ವ ಎಷ್ಟು ಕರೆದರೂ ಬರಲಿಲ್ಲ. "ನಾ ಅಲ್ಲಿ ಬಂದ್ರ ಇಲ್ಲಿ ನಾಳಿಗೇ ಗ್ವಾಡಿ ಒಡದ ಬಾಗಲಾ ಇಡ್ತಾರ," ಎಂದಳು. ಚಳಿಗಾಲದ ಒಂದು ಮಧ್ಯಾಹ್ನ ನಾನು ಹೋದಾಗ ಹೊಸ್ತಿಲಲ್ಲಿ ಕೂತಿದ್ದಳು. ದನಿ ಪಕ್ಕದ ಮನೆಗೂ ಕೇಳದಷ್ಟು ಇಳಿದಿತ್ತು. ಅದನ್ನು ಕೇಳುವುದೇ ನನಗೆ ಕಷ್ಟವಾಯಿತು. ಬೆರಳುಗಳು ಮಾತ್ರ ಸೆರಗಿನ ಗಂಟಿನ ಮೇಲಿದ್ದವು.

"ನಾ ಹ್ವಾದ ದಿನ ಭಾವಾರ ಮನಿ ಅನ್ನ ನನ್ನ ಹೊಸ್ತಿಲಾ ದಾಟಬಾರದ. ಬಂದಾವರು ನನ್ನ ಒಲಿ ಮ್ಯಾಲಿಂದು ತಿಂದ ಹೋಗ್ಬೇಕ," ಎಂದಳು.

"ಸತ್ತ ಮನ್ಯಾಗ ಒಲಿ ಹಚ್ಚಬಾರದ ಅಂತಾರಲ್ಲ ಚಿಗವ್ವಾ."

"ಅಂತಾರ. ನೀ ಏನಂತಿ?"

"ಹಚ್ತೇನಿ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಹುಕ್ಕೇರಿಯ ಪಡಸಾಲೆಯಲ್ಲಿ ನೋಡಿದಂತೆಯೇ ನೋಡಿದಳು. "ನೋಡೂಣು," ಎಂದಳು. ಅದೇ ಕೊನೆಯ ಭೇಟಿ.

ಇಪ್ಪತ್ತು ದಿನಕ್ಕೆ ಹೋದಳು. ಮೈ ತೊಳೆಸುವ ಮುಂಚೆ ಗಂಟು ಬಿಚ್ಚಿದವಳು ನಾನೇ. ಬಟ್ಟೆ ಬಿಗಿದುಕೊಂಡು ಹೋಗಿತ್ತು, ಹಲ್ಲು ಹಚ್ಚಿ ಬಿಚ್ಚಬೇಕಾಯಿತು. ಮಣ್ಣು ಮಾಡಿ ಬಂದು, ಕಾಲು ತೊಳೆದು ಎಲ್ಲರೂ ಅಂಗಳದಲ್ಲಿ ಕೂತರು. ನಾನು ಹಿತ್ತಲಿಗೆ ಹೋದೆ. ನಾಲ್ಕೈದು ದಿನದಿಂದ ಯಾರೂ ಆರಿಸದ ಹಣ್ಣು ಗಿಡದ ಕೆಳಗೆ ಬಿದ್ದಿದ್ದವು. ಗಟ್ಟಿಯಿದ್ದವನ್ನು ಉಡಿಯಲ್ಲಿ ತುಂಬಿಕೊಂಡು ಬಂದು ಹೆಚ್ಚಿದೆ. ಅರ್ಧ ಕುಕ್ಕರ್. ಎರಡು ಸಲ ಬಗ್ಗಿ ನೋಡಿದೆ, ಅರ್ಧವೇ. ಗ್ಯಾಸ್ ಹಚ್ಚಿದೆ.

ಭಾವನ ಹೆಂಡತಿ ಅನ್ನದ ಬೋಗುಣಿ ಹಿಡಿದು ಬಾಗಿಲಿಗೆ ಬಂದರು. "ಬ್ಯಾಡ್ರಿ ದೊಡ್ಡವ್ವಾರ. ನಮ್ಮ ಒಲಿ ಹತ್ತೇತಿ," ಎಂದೆ. ಅವರು ಬೋಗುಣಿಯೊಂದಿಗೆ ಅಲ್ಲೇ ನಿಂತುಬಿಟ್ಟರು.

ಹುಕ್ಕೇರಿಯಿಂದ ಅತ್ತೆಯೂ ಬಂದಿದ್ದರು. ಒಳಗೆ ಇಣುಕಿದವರು ಗಾಬರಿಯಾದರು. "ಸುಮಾ, ಇವತ್ತ ಒಲಿ ಹಚ್ಚತಾರೇನ? ಏನ ಮಾಡಾಕತ್ತಿ?"

ಈ ಸಲ ಬಳೆ ನೋಡಲಿಲ್ಲ. ಅವರ ಮುಖವನ್ನೇ ನೋಡಿ ಹೇಳಿದೆ. "ಗುಳಂಬ ಮಾಡಾಕತ್ತೇನ್ರಿ ಅತ್ತಿ. ಆವತ್ತ ತಿನ್ನಲಿಲ್ಲ, ಇವತ್ತ ತಿಂತೇನಿ. ಎಲ್ಲಾರಿಗೂ ಕೊಡ್ತೇನಿ. ಬ್ಯಾಡಾದವರು ಬಿಡ್ರಿ."

ಅತ್ತೆ ಸೆರಗು ಬಾಯಿಗೆ ಹಿಡಿದು ಹೊರಗೆ ಹೋದರು. ಯಾವತ್ತೂ ನೆಲ ನೋಡುವ ನನ್ನ ಅವ್ವ ಎದ್ದು ಬಂದು ಬೆಲ್ಲದ ಪೆಂಟಿ ಒಡೆಯುತ್ತ ಕೂತಳು.

ನಾನು ಕುಕ್ಕರಿನ ಮೇಲೆ ಸೀಟಿ ಇಟ್ಟೆ, ಗೋಡೆಗೆ ಬೆನ್ನು ಕೊಟ್ಟೆ. ಒಂದು ಕೂಗಿತು. ಅಂಗಳದಲ್ಲಿ ಮಾತು ನಿಂತಿತು. ಎರಡು ಕೂಗಿತು. ಕೋಲೂರುತ್ತ ಯಾರೋ ಬರುವ ಸದ್ದಾಯಿತು. ವಯಸ್ಸಾಗಿ ಹಣ್ಣಾದ ಭಾವ ಬಾಗಿಲ ಚೌಕಟ್ಟು ಹಿಡಿದು ಒಳಗೆ ನೋಡಿದರು.

"ಯಾರದ ಅದು ಸೀಟಿ?"

"ನಮ್ಮ ಚಿಗವ್ವಂದ್ರಿ," ಎಂದೆ. ಎದ್ದು ನಿಲ್ಲಲಿಲ್ಲ. ಮೂರನೆಯದಕ್ಕೆ ಕಾಯುತ್ತ ಕೂತೆ.