ಅನ್ನದ ಮುಚ್ಚಳ ಮತ್ತು ಉಳವಿಯ ಫೋನು

ಒಲೆಯ ಮೇಲಿಟ್ಟ ಅನ್ನದ ಮುಚ್ಚಳವನ್ನು ತೆಗೆದು ತೆಗೆದು ನೋಡುವ ಚಟ ನನಗಿದೆ. ಹನ್ನೆರಡೂವರೆಗೆ ಊಟ ಆಗಲೇಬೇಕೆಂಬ ನಿಯಮದವನು ಹನ್ನೆರಡರಿಂದಲೇ ಅಡುಗೆಮನೆಯ ಮೇಲ್ವಿಚಾರಣೆ ವಹಿಸಿಕೊಳ್ಳುವುದು ಸಹಜವಲ್ಲವೇ? "ನೀವು ಮುಚ್ಚೋಕೆ ಬಿಟ್ರೆ ತಾನೇ ಅದು ಬೇಯೋದು?" ಎನ್ನುತ್ತಾಳೆ ನನ್ನಾಕೆ. ಆಗೆಲ್ಲ ನನಗೆ ಉಳವಿಯ ಫೋನು ನೆನಪಾಗುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸೊರಬದ ಕಡೆಯ ಒಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೇಲ್ವಿಚಾರಕನಾಗಿದ್ದೆ. ಕಂಬ, ತಂತಿ ತಲುಪದ ಹಳ್ಳಿಗಳಿಗೆ ಆಗ ವೈರ್‌ಲೆಸ್ ಫೋನು ಬಂದಿತ್ತು. ನಮ್ಮ ಕಟ್ಟಡದ ಮೇಲೊಂದು ಎತ್ತರದ ಆಂಟೆನಾ, ಹಳ್ಳಿಯ ಅಂಗಡಿಯ ಮೇಲೊಂದು ಚಿಕ್ಕದು, ನಡುವೆ ಬರೀ ಗಾಳಿ. ಎಂಟು ಹಳ್ಳಿಗೆ ಸೇರಿ ಆ ಗಾಳಿಯಲ್ಲಿದ್ದದ್ದು ಎರಡೇ ದಾರಿ. ಎರಡು ಊರಿನವರು ಫೋನೆತ್ತಿದರೆ ಉಳಿದ ಆರು ಊರು ಕಾಯಬೇಕು. ಯಾವ ಊರು ಎಷ್ಟು ಸಲ ದಾರಿ ಹಿಡಿಯಿತೆಂದು ಯಂತ್ರವೊಂದು ಎಣಿಸುತ್ತಿತ್ತು. ಅದನ್ನು ದಿನಕ್ಕೊಮ್ಮೆ ರಿಜಿಸ್ಟರಿನಲ್ಲಿ ಬರೆದರೆ ಸಾಕೆಂದು ಮೇಲಿನವರು ಹೇಳಿದ್ದರು. ಗಂಟೆಗೊಮ್ಮೆ ಬರೆಯುವುದು ನನ್ನ ಸ್ವಂತ ಕೊಡುಗೆ.

ಒಮ್ಮೆ ಆ ಎಂಟರಲ್ಲೊಂದಾದ ಉಳವಿಯ ಅಂಕಿ ವಿಪರೀತ ಏರಿತು. ಯಾರೋ ಫೋನೆತ್ತುತ್ತಾರೆ, ನಂಬರ್ ತಿರುಗಿಸದೆ ಇಡುತ್ತಾರೆ, ಮತ್ತೆ ಎತ್ತುತ್ತಾರೆ. ಯಂತ್ರ ಕೆಟ್ಟಿರಬೇಕು, ಇಲ್ಲವೇ ಯಾರದೋ ಕಿತಾಪತಿ. ಎರಡು ದಿನ ಕಾಲುಗಂಟೆಗೊಮ್ಮೆ ಅಲ್ಲಿಗೆ ಟೆಸ್ಟಿಂಗ್ ಕರೆ ಮಾಡಿದೆ. ಮೂರನೆಯ ದಿನ ಆ ಕೆಲಸವನ್ನು ಆಪರೇಟರ್ ಸರೋಜಮ್ಮನವರಿಗೆ ಒಪ್ಪಿಸಿ, ಒಂದೂ ತಪ್ಪಬಾರದೆಂದು ತಾಕೀತು ಮಾಡಿ, ಉಳವಿಯ ಬಸ್ಸು ಹತ್ತಿದೆ.

ಫೋನಿದ್ದದ್ದು ನಿಂಗಪ್ಪನವರ ಕಿರಾಣಿ ಅಂಗಡಿಯಲ್ಲಿ. ನನ್ನ ಕಣ್ಣೆದುರೇ ಅವರು ರಿಸೀವರ್ ಎತ್ತಿ, ಕಿವಿಗೆ ಹಿಡಿದು, ಇಟ್ಟರು. ಯಾರಿಗೋ ಬೆಲ್ಲ ತೂಗಿದರು. ಮತ್ತೆ ಎತ್ತಿದರು.

"ಏನ್ರೀ ಇದು?" ಎಂದೆ.

"ಜೀವ ಐತೋ ಇಲ್ಲೋ ನೋಡ್ತೀನ್ರೀ."

ಅವರ ಹೆಂಡತಿ ಗೌರಮ್ಮನವರಿಗೆ ಶಿಕಾರಿಪುರದಲ್ಲಿ ಕಣ್ಣಿನ ಪೊರೆ ತೆಗೆದಿದ್ದರು. ಇನ್ನೊಂದು ಕಣ್ಣು ಹಿಂದೆಯೇ ಹೋಗಿತ್ತು. ಪಟ್ಟಿ ಬಿಚ್ಚಿದ ಕೂಡಲೇ ಫೋನ್ ಮಾಡುವುದಾಗಿ ಜೊತೆಗೆ ಹೋದ ಆಕೆಯ ತಮ್ಮ ಹೇಳಿದ್ದ. ಬಿಚ್ಚುವ ದಿನ ಕಳೆದರೂ ಸುದ್ದಿಯಿಲ್ಲ.

"ನೀವು ಎತ್ತಿದಾಗೆಲ್ಲ ಅವರಿಗೆ ಎಂಗೇಜ್ ಬರುತ್ತೆ ಕಣ್ರೀ!" ಎಂದು ಗದರಿದೆ.

"ನಾ ಬಿಡ್ತೀನ್ರೀ. ಆ ತಲೆಕೆಟ್ಟೋನು ಬಿಡ್ಬೇಕಲ್ಲ? ಕಾಲ್ಗಂಟೆಗೊಂದ್ಸಲ ಫೋನ್ ಮಾಡ್ತಾನೆ. ಇವಳದ್ದೇ ಅಂತ ಓಡಿ ಬಂದು ಎತ್ತಿದ್ರೆ 'ಟೆಸ್ಟಿಂಗ್' ಅಂದು ಇಟ್ಬಿಡ್ತಾನೆ!"

ನಾನು ಬೆಲ್ಲದ ಅಚ್ಚುಗಳನ್ನು ಪರಿಶೀಲಿಸುತ್ತ ನಿಂತೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ನಿಂಗಪ್ಪ ತಕ್ಕಡಿ ಬಿಟ್ಟು ಹಾರಿ ಎತ್ತಿದರು. ಅರಳಿದ ಮುಖ ಹಾಗೆಯೇ ಬಾಡಿತು.

"ತಗಳ್ರೀ, ನೀವೇ ಕೇಳ್ರಿ. ಇವತ್ತು ಹೆಂಗಸು."

ರಿಸೀವರ್ ಇಸಿದುಕೊಂಡು, "ಸರೋಜಮ್ಮ, ಟೆಸ್ಟಿಂಗ್ ಸಾಕು" ಎಂದೆ.

"ಒಂದೂ ತಪ್ಪಬಾರದು ಅಂದಿದ್ರಲ್ಲ ಸಾರ್?"

"ಅಂದೋನು ತಲೆಕೆಟ್ಟೋನು. ಬಿಡ್ರಿ."

ನಿಂಗಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಂದು ಸ್ಟೂಲು ಎಳೆದು ಕೊಟ್ಟರು.

ಇಬ್ಬರೂ ಕೈಕಟ್ಟಿ ಕುಳಿತೆವು. ಸುಮ್ಮನೆ ಕೂರುವುದು ಇಷ್ಟು ಶ್ರಮದ ಕೆಲಸವೆಂದು ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ತಿಳಿದಿರಲಿಲ್ಲ. ಎರಡು ಸಲ ಅವರ ಕೈ ಫೋನಿನತ್ತ ಹೋಯಿತು, ನಾನು ಹಿಡಿದೆ. ಒಂದು ಸಲ ನನ್ನದು ಹೋಯಿತು, ಅವರು ಹಿಡಿದರು.

ಹನ್ನೊಂದೂ ಇಪ್ಪತ್ತಕ್ಕೆ ಫೋನು ಬಂತು. ಗೌರಮ್ಮನವರೇ. ದನಿ ನನ್ನ ಸ್ಟೂಲಿನವರೆಗೂ ಕೇಳುತ್ತಿತ್ತು.

"ನಿನ್ನೆಯಿಂದ ಯಾರ ಹತ್ರ ಹರಟೆ ಹೊಡೀತಿದ್ರಿ? ಯಾವಾಗ ಮಾಡಿದ್ರೂ ಎಂಗೇಜು!"

"ಕಾಣ್ತದೇನೇ?"

"ಕಾಣ್ತದೆ. ನನ್ ತಮ್ಮನ ತಲೆ ಇಷ್ಟು ಬೆಳ್ಳಗಾಗೈತೆ, ನೀವ್ಯಾರೂ ಹೇಳೇ ಇಲ್ಲ!"

ನಿಂಗಪ್ಪ ನಗುತ್ತ ಅಂಗವಸ್ತ್ರದಿಂದ ಕಣ್ಣೊರೆಸಿಕೊಂಡರು. ಮಾತು ಎಷ್ಟು ಹೊತ್ತು ನಡೆಯಿತೆಂದು ನಾನು ವಾಚು ನೋಡಲಿಲ್ಲ.

ಸಂಜೆ ರಿಜಿಸ್ಟರ್ ತೆರೆದು ಉಳವಿಯ ಸಾಲುಗಳನ್ನು ಮತ್ತೆ ಓದಿದೆ. ಒಂದಿಷ್ಟು ನಿಂಗಪ್ಪನವರದ್ದು, ಒಂದಿಷ್ಟು ನನ್ನದು. ಅಷ್ಟು ಅಂಕಿಗಳಲ್ಲಿ ಮಾತು ಎನ್ನುವಂಥದ್ದು ನಡೆದದ್ದು ಒಂದೇ ಸಲ. ಮಾರನೆಯ ದಿನದಿಂದ ದಿನಕ್ಕೊಮ್ಮೆ ಮಾತ್ರ ಬರೆಯತೊಡಗಿದೆ.

ಇಷ್ಟೆಲ್ಲ ತಿಳಿದವರು ಅನ್ನದ ಮುಚ್ಚಳವನ್ನೇಕೆ ಮುಟ್ಟುತ್ತೀರಿ ಎಂದು ನೀವು ಕೇಳಬಹುದು. ಪ್ರಯತ್ನ ನಡೆದಿದೆ. ಈಗ ಹನ್ನೆರಡು ಹೊಡೆದ ಕೂಡಲೇ ಒಲೆಯ ಎದುರು ಸ್ಟೂಲು ಎಳೆದು ಕೈಕಟ್ಟಿ ಕೂರುತ್ತೇನೆ. ಕೈ ಹೊರಟರೆ ಹಿಡಿಯಲು ನನ್ನಾಕೆಯೂ ಪಕ್ಕದಲ್ಲೇ ಕೂರುತ್ತಾಳೆ.