ಮಿಲಿಟರಿ ಮೇಷ್ಟ್ರ ಬಲಗೈ

ಸಂತಾಪ ಸಭೆಗೆಂದು ನಿವೃತ್ತ ಹೆಡ್‌ಮಾಸ್ಟರರು ಬರೆದ ಭಾಷಣ ನಾಲ್ಕು ಪುಟವಾಗಿತ್ತು. ತೀರಿಕೊಂಡವರ ಬಗ್ಗೆ ಒಂದೂವರೆ ಪುಟ. ಉಳಿದದ್ದೆಲ್ಲ ಅಂಥವರನ್ನು ಗುರುತಿಸಿ ಶಾಲೆಗೆ ಸೇರಿಸಿಕೊಂಡ ಮಹನೀಯರ ದೂರದೃಷ್ಟಿಯ ಬಗ್ಗೆ. ಸೇರಿಸಿಕೊಂಡವರು ಈ ಹೆಡ್‌ಮಾಸ್ಟರರೇ. ಒಂದೂವರೆ ಪುಟ ತೀರ ಕಡಿಮೆಯಾಯಿತೆಂದು ಅವರಿಗೇ ಅನ್ನಿಸಿ, ನಾಲ್ಕು ವಿವರ ಕೇಳಿಕೊಂಡು ಬರೋಣವೆಂದು ಎರಡು ಬೀದಿ ಆಚೆಯ ಮನೆಗೆ ಹೊರಟರು.

ತೀರಿಕೊಂಡವರು ಶಾಲೆಯ ಡ್ರಿಲ್ ಮೇಷ್ಟ್ರು. ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದು ಬಂದಿದ್ದರಿಂದ ಮಕ್ಕಳ ಬಾಯಲ್ಲಿ ಮಿಲಿಟರಿ ಮೇಷ್ಟ್ರು. ಹತ್ತನೆಯ ತರಗತಿಯಲ್ಲಿ ಫೇಲಾಗಿ, ಅಪ್ಪನ ಎದುರು ನಿಲ್ಲುವ ಧೈರ್ಯವಿಲ್ಲದೆ ಸೈನ್ಯದ ಭರ್ತಿಯ ಸಾಲಿನಲ್ಲಿ ನಿಂತವರು. ಹಿಮದ ಠಾಣೆಯೊಂದರಲ್ಲಿ ಎಡಗಾಲಿನ ಎರಡು ಬೆರಳು ಬಿಟ್ಟು ಬಂದಿದ್ದರು. ಆದರೂ ನಡಿಗೆಯಲ್ಲಿ ಅದು ಗೊತ್ತಾಗುತ್ತಿರಲಿಲ್ಲ. "ಎಷ್ಟು ಜನರನ್ನ ಕೊಂದಿದ್ದೀರಿ ಸಾರ್?" ಎಂದು ಪ್ರತಿ ವರ್ಷ ಹೊಸ ತರಗತಿಯವರು ಕೇಳುವರು. "ಸೊಳ್ಳೆ ಲೆಕ್ಕ ಇಟ್ಟಿಲ್ಲ ಕಣ್ರೋ, ಸಾಲಲ್ಲಿ ನಿಲ್ಲಿ" ಎನ್ನುವರು. ಅಷ್ಟೇ ಅವರ ಯುದ್ಧಕಥೆ.

ಬಾಗಿಲು ತೆರೆದದ್ದು ಅವರ ಹೆಂಡತಿ. "ಬನ್ನಿ ಸಾರ್, ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಕಾಲು ಅಲ್ಲಾಡತ್ತೆ. ಇವರು ಸರಿಮಾಡ್ತೀನಿ ಅಂತಿದ್ರು, ಆಗ್ಲಿಲ್ಲ."

ಹೆಡ್‌ಮಾಸ್ಟರರು ಮಂಚದ ಅಂಚಿನಲ್ಲಿ ಕುಳಿತು ಪೆನ್ನಿನ ಮುಚ್ಚಳ ತೆಗೆದರು. "ಅವರ ಶಿಸ್ತಿನ ಬಗ್ಗೆ ಒಂದೆರಡು ಮಾತು ಹೇಳಿ ತಾಯಿ. ಸಭೆಯಲ್ಲಿ ಹೇಳಬೇಕು."

"ಶಿಸ್ತಾ? ಅಯ್ಯೋ! ಮದುವೆಯಾದ ಹೊಸದರಲ್ಲಿ ರಜೆಗೆ ಬಂದವರು, ನಾನು ಏಳೋದರೊಳಗೆ ಕಂಬಳಿ ಮಡಿಸಿಟ್ಟಿರೋರು. ಅಂಚು ಬ್ಲೇಡಿನ ಥರ. ರಾತ್ರಿ ಅದನ್ನ ಬಿಚ್ಚಿ ಹೊದ್ಕೊಳ್ಳೋಕೆ ನನಗೆ ಭಯ ಆಗ್ತಿತ್ತು." ಆಕೆ ನಕ್ಕರು. ಹೆಡ್‌ಮಾಸ್ಟರರೂ ನಕ್ಕು 'ಕಂಬಳಿ' ಎಂದು ಬರೆದುಕೊಂಡರು.

ಆಕೆ ಒಳಗಿನಿಂದ ಒಂದು ಫೈಲು ತಂದರು. ಸೈನ್ಯದವರು ಬೀಳ್ಕೊಡುವಾಗ ಕೊಟ್ಟ ಪ್ರಮಾಣಪತ್ರ ಮೇಲಿತ್ತು: ನಡತೆ, ಅತ್ಯುತ್ತಮ. ಅದರ ಕೆಳಗಿದ್ದ ಕಾಗದವನ್ನು ನೋಡುತ್ತಲೇ ಹೆಡ್‌ಮಾಸ್ಟರರ ಪೆನ್ನು ನಿಂತಿತು. ಕೆಳಗಿನ ಸಹಿ ಅವರದೇ, ಎರಡು ಸಲ ಅಡಿಗೆರೆ ಎಳೆದ ಸಹಿ. 'ವಯೋಸಹಜ ಕೈನಡುಕದ ನಿಮಿತ್ತ ಇವರ ಸೇವೆಯನ್ನು ಮುಂದುವರಿಸಲಾಗುತ್ತಿಲ್ಲ.'

ಆರು ವರ್ಷದ ಹಿಂದಿನ ಮಾತು. ಶಾಲೆಯ ವಾರ್ಷಿಕ ದಿನ, ಇಲಾಖೆಯ ಹಿರಿಯ ಅಧಿಕಾರಿ ಧ್ವಜ ಹಾರಿಸಲು ಬರುವವರಿದ್ದರು. ಮಿಲಿಟರಿ ಮೇಷ್ಟ್ರು ಬೆಳಕು ಹರಿಯುವ ಮೊದಲೇ ಬಂದು, ಹನ್ನೊಂದು ವರ್ಷದಿಂದ ಕಟ್ಟುತ್ತಿದ್ದಂತೆಯೇ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಾಗೆ ಧ್ವಜವನ್ನು ಸುತ್ತಿ ಕಟ್ಟಿ ಮೇಲೇರಿಸಿ, ಮಕ್ಕಳನ್ನು ಸಾಲುಮಾಡಲು ಮೈದಾನದ ಆಚೆ ಬದಿಗೆ ಹೋದರು. ಹೆಡ್‌ಮಾಸ್ಟರರು ಬಂದು ತಲೆಯೆತ್ತಿ ನೋಡಿದರು. ಗಂಟು ಸಡಿಲವಾಗಿ, ಬಟ್ಟೆಯ ಮೂಟೆಯಂತೆ ಕಂಡಿತು. ದೊಡ್ಡವರು ಬರುವ ದಿನ ಹೀಗೆಯೇ? ಸುತ್ತ ಯಾರೂ ಇರಲಿಲ್ಲ. ಕೆಳಗಿಳಿಸಿ, ತಮ್ಮ ಅಭಿರುಚಿಗೆ ತಕ್ಕಂತೆ ಅಚ್ಚುಕಟ್ಟಾಗಿ ಸುತ್ತಿ, ಭದ್ರತೆಗೆ ಇನ್ನೊಂದು ಗಂಟು ಬಿಗಿದು ಮೇಲೇರಿಸಿದರು.

ಅಧಿಕಾರಿ ಹಗ್ಗ ಎಳೆದರು. ಏನೂ ಆಗಲಿಲ್ಲ. ಇನ್ನೊಮ್ಮೆ ಎಳೆದರು. ಮೂರನೆಯ ಸಲಕ್ಕೆ ಮಕ್ಕಳು ಕಿಸಕ್ಕೆಂದರು. ಹೆಡ್‌ಮಾಸ್ಟರರು ಓಡಿಹೋಗಿ ಧ್ವಜ ಇಳಿಸಿ, ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಮಿಲಿಟರಿ ಮೇಷ್ಟ್ರು ದೂರದಲ್ಲಿ, ಸಾಲಿನ ಮುಂದೆ, ಸಾವಧಾನ ಭಂಗಿಯಲ್ಲಿದ್ದರು. ಗಂಟು ಅವರ ಕಣ್ಣಿಗೇ ಬೀಳಲಿಲ್ಲ. "ಯಾರ್ರೀ ಕಟ್ಟಿದ್ದು ಇದನ್ನ?" ಎಂದು ಅಧಿಕಾರಿ ಗುಡುಗಿದಾಗ ಅವರು ಮುಂದೆ ಬಂದು, ಕಾಲು ಜೋಡಿಸಿ, "ನಾನು ಸಾರ್. ತಪ್ಪು ನಂದೇ" ಎಂದರು.

ಹೆಡ್‌ಮಾಸ್ಟರರು ಬಾಯಿ ಬಿಡಲಿಲ್ಲ. ಸಂಜೆ ಹೇಳೋಣ ಎಂದುಕೊಂಡರು. ಸಂಜೆ ಬಂತು, ಹೋಯಿತು. ಮೇಷ್ಟ್ರನ್ನು ತೆಗೆಯಿರಿ ಎಂದು ಮೇಲಿನವರು ಹಟ ಹಿಡಿದಾಗ, ಮರ್ಯಾದೆಗೆ ಕುಂದು ಬಾರದ ಕಾರಣವನ್ನು ತಾವೇ ಹುಡುಕಿ ಬರೆದರು. 'ವಯೋಸಹಜ' ಎಂಬ ಪದ ಹೊಳೆದದ್ದಕ್ಕೆ ಒಂದು ಕ್ಷಣ ಬೆನ್ನು ತಟ್ಟಿಕೊಂಡದ್ದೂ ಉಂಟು. ಆಮೇಲೆ ಈ ಆರು ವರ್ಷ ಒಂದು ಸಮಾಧಾನ ಅವರನ್ನು ಕಾಪಾಡಿಕೊಂಡು ಬಂದಿತ್ತು: ಮೇಷ್ಟ್ರಿಗೆ ಎಲ್ಲ ಗೊತ್ತಿತ್ತು, ಮೇಲಧಿಕಾರಿಯ ಮಾನ ಉಳಿಸಲೆಂದೇ ತಲೆಕೊಟ್ಟರು. ಸೈನಿಕ ಎಂದರೆ ಹಾಗೆ. ಭಾಷಣದ ಎರಡನೆಯ ಪುಟದಲ್ಲಿ ಇದನ್ನೇ, ಯಾವ ಪ್ರಸಂಗವೆಂದು ಹೇಳದೆ, ಸೊಗಸಾಗಿ ಬರೆದಿದ್ದರು.

"ಈ ಕಾಗದ ಬಂದ ಮೇಲೆ ಇವರಿಗೆ ಅದೇ ಯೋಚನೆ ಸಾರ್," ಎಂದರು ಆಕೆ. "ಕಿಟಕಿ ಸರಳಿಗೆ ಹಗ್ಗ ಕಟ್ಟಿ ದಿನಾ ಬೆಳಗ್ಗೆ ಗಂಟು ಹಾಕೋರು, ಎಳೆಯೋರು. ಸಲೀಸಾಗಿ ಬಿಚ್ಕೊಳ್ಳೋದು. 'ಇಲ್ಲಿ ಬಿಚ್ಕೊಳ್ಳತ್ತೆ, ಅಲ್ಲಿ ಯಾಕೆ ಕೈಕೊಡ್ತು ಕಣೇ?' ಅನ್ನೋರು. ಡಾಕ್ಟರ ಹತ್ರ ಕರ್ಕೊಂಡು ಹೋದೆ. ಕೈ ಕಲ್ಲಿನ ಹಾಗಿದೆ ಅಂದ್ರು ಡಾಕ್ಟರು. ಇವರು ಒಪ್ಪಬೇಕಲ್ಲ! 'ಹೆಡ್‌ಮಾಸ್ಟರು ಅಷ್ಟು ಓದಿದವರು, ಹನ್ನೊಂದು ವರ್ಷ ನನ್ನನ್ನ ನೋಡಿದವರು, ಸುಮ್ಮನೆ ಬರೀತಾರಾ?' ಅಂದುಬಿಟ್ರು."

ಹೆಡ್‌ಮಾಸ್ಟರರು ಪೆನ್ನಿನ ಮುಚ್ಚಳ ಹಾಕಿದರು. "ಅಂದರೆ… ಅವರಿಗೆ ಬೇರೇನೂ ಗೊತ್ತಿರಲಿಲ್ಲವಾ?"

"ಗೊತ್ತಿರೋಕೆ ಇನ್ನೇನಿತ್ತು ಸಾರ್? ಕೊನೆಗೆ ಗಡ್ಡಾನೂ ತಾವೇ ಹೆರ್ಕೊಳ್ತಿರ್ಲಿಲ್ಲ, ಅಂಗಡಿಗೆ ಹೋಗೋರು." ಆಕೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಮೊಮ್ಮಗಳು ಹುಟ್ಟಿದಾಗ ಎತ್ಕೊಳ್ಳಲೇ ಇಲ್ಲ. ಜಾರಿಸಿಬಿಟ್ರೆ ಅಂತ. ಕೈ ನಡುಗತ್ತೆ ಅಂತ ಹೇಳ್ಕೊಳ್ಳೋಕೂ ನಾಚಿಕೆ, ನನ್ನ ಕೈಲೂ ಆಣೆ ಹಾಕಿಸ್ಕೊಂಡಿದ್ರು. ಹೆಣ್ಣು ಹುಟ್ಟಿತು ಅಂತ ಅಪ್ಪನಿಗೆ ಬೇಜಾರು ಅಂದ್ಕೊಂಡಳು ನನ್ನ ಮಗಳು. ಎರಡು ವರ್ಷ ಈ ಕಡೆ ತಲೆ ಹಾಕ್ಲಿಲ್ಲ."

ಹೆಡ್‌ಮಾಸ್ಟರರು ಎದ್ದು ನಿಂತರು. ಎದ್ದದ್ದು ಹೊರಟುಹೋಗಲು. ಚಪ್ಪಲಿಯವರೆಗೂ ಹೋದರು. ಒಂದನ್ನು ಮೆಟ್ಟಿದರು ಕೂಡ. ಆಮೇಲೆ ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು, ಹಾಗೇ ತಿರುಗಿ ನಿಂತು ಎಲ್ಲವನ್ನೂ ಹೇಳಿದರು. ಮೂವತ್ತು ವರ್ಷ ಪಾಠ ಹೇಳಿದ ನಾಲಗೆ ಮೂರು ಕಡೆ ತೊದಲಿತು.

ಆಕೆ ಆ ಕಾಗದವನ್ನು ಮತ್ತೆ ಫೈಲಿಗೆ ಸೇರಿಸಿದರು. "ಇವರು ಹೋಗಿ ಇಪ್ಪತ್ತೆರಡು ದಿನ ಆಯ್ತು ಸಾರ್. ಅದಕ್ಕೆ ಮುಂಚೆ ಆರು ವರ್ಷ ಈ ಮನೇಲೇ ಇದ್ರು. ನೀವೂ ಎರಡು ಬೀದಿ ಆಚೇನೇ ಇದ್ರಿ."

"ಹೌದು ತಾಯಿ."

"ಮಗಳಿಗೆ ನೀವೇ ಹೇಳಿ. ನನ್ನ ಕೈಲಾಗಲ್ಲ." ಆಕೆ ಕೂಗಿದರು, "ಬಾರೇ ಇಲ್ಲಿ. ಒಲೆ ಆರಿಸಿ ಬಾ."

ಮಗಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡಳು. ಎರಡನೆಯ ಸಲ ಹೇಳುವುದು, ಅದರಲ್ಲೂ ಮಗುವನ್ನು ಅಪ್ಪ ಯಾಕೆ ಎತ್ತಿಕೊಳ್ಳಲಿಲ್ಲ ಎನ್ನುವುದು, ಸುಲಭವಾಗಲಿಲ್ಲ. ಕೊನೆಗೆ ಅವಳು ಕೇಳಿದ್ದು ಇಷ್ಟೇ. "ಹಾಗಾದ್ರೆ ಅಪ್ಪನ ಕೈ ನಡುಗ್ತಾನೇ ಇರ್ಲಿಲ್ವಾ?"

"ಇಲ್ಲಮ್ಮ."

"ಒಂದ್ಸಲಾನೂ?"

"ನಾನು ನೋಡಿದ ಹಾಗೆ ಒಂದು ಸಲವೂ ಇಲ್ಲ."

ಅವಳು ಅಡುಗೆಮನೆಗೆ ವಾಪಸು ಹೋದಳು. ನಲ್ಲಿ ತಿರುಗಿಸಿದ ಸದ್ದು ಬಂತು. ಪಾತ್ರೆಯ ಸದ್ದು ಬರಲಿಲ್ಲ, ನೀರು ಸುಮ್ಮನೆ ಸುರಿಯುತ್ತಲೇ ಇತ್ತು.

ಭಾನುವಾರದ ಸಭೆಗೆ ಹೆಡ್‌ಮಾಸ್ಟರರು ನಾಲ್ಕು ಪುಟವನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಮೂರನೆಯ ಸಲ ಹೇಳಿದರು, ಯಾವ ವಿಶೇಷಣವೂ ಇಲ್ಲದೆ: ಗಂಟು ಕಟ್ಟಿದ್ದು ನಾನು, ಕಾಗದ ಬರೆದದ್ದು ನಾನು, ಅವರ ಕೈ ಕೊನೆಯವರೆಗೂ ನೆಟ್ಟಗಿತ್ತು. ಜನ ಎದ್ದು ಛೀ ಅನ್ನಲಿ, ಹೊರಗೆ ಹೋಗಲಿ ಎಂದು ಕಾದರು.

ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷರು ಕಣ್ಣೊರೆಸಿಕೊಂಡು ಮೈಕು ಹಿಡಿದರು. "ಹೀಗೆ ಒಪ್ಪಿಕೊಳ್ಳೋಕೆ ಎಂಥ ದೊಡ್ಡ ಮನಸ್ಸು ಬೇಕು ನೋಡಿ! ನಮ್ಮ ಹೆಡ್‌ಮಾಸ್ಟರಿಗೆ ಒಂದು ಚಪ್ಪಾಳೆ!"

ಸಭೆ ಚಪ್ಪಾಳೆ ತಟ್ಟಿತು. ಆಯಸ್ಸಿಡೀ ಚಪ್ಪಾಳೆಗೆ ಹಾತೊರೆದ ಮನುಷ್ಯ ಎರಡೂ ಕೈ ಎತ್ತಿ, ಬೇಡ, ನಿಲ್ಲಿಸಿ ಎಂದರು. ಎಂಥ ವಿನಯವಂತರು ಎಂದು ಜನ ಇನ್ನೂ ಜೋರಾಗಿ ತಟ್ಟಿದರು. ಮೊದಲ ಸಾಲಿನಲ್ಲಿ ಮಾತ್ರ, ತಾಯಿ ಮಗಳಿಬ್ಬರ ಕೈಗಳು ಮಡಿಲಿನಿಂದ ಮೇಲೇಳಲಿಲ್ಲ. ಅದೊಂದೇ ತಮಗೆ ಸಲ್ಲಬೇಕಾದದ್ದು ಎಂದು ಹೆಡ್‌ಮಾಸ್ಟರರು ಆ ಕೈಗಳನ್ನೇ ನೋಡುತ್ತ ನಿಂತರು.