ಬಿಳಿ ಪಂಚೆ ಸುತ್ತಿದ ದೋಣಿ

ನಿವೃತ್ತಿಯಾದವರು ಗಿಡ ನೆಡುತ್ತಾರೆ, ಇಲ್ಲವೇ ಸೊಸೆಯ ಅಡುಗೆಯಲ್ಲಿ ತಪ್ಪು ಹುಡುಕುತ್ತಾರೆ. ನಾನು ದೋಣಿ ತಂದೆ. ಯಾವುದೋ ಮುಚ್ಚಿಹೋದ ರೆಸಾರ್ಟಿನದು; ಎರಡೂ ತುದಿ ಚೂಪು, ಇಬ್ಬರು ಕೂತು ಹುಟ್ಟು ಹಾಕುವಂಥದು. ಅಷ್ಟರಲ್ಲಾಗಲೇ ನಮ್ಮ ಹಳೆಯ ವ್ಯಾನಿನ ಹಿಂದಿನ ಸೀಟು ಕಿತ್ತು, ಹಲಗೆಯ ಮಂಚ, ಪುಟ್ಟ ಗ್ಯಾಸ್ ಒಲೆ ಕೂಡಿಸಿದ್ದೆ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿದ ಕೈ ಇದು. ಟಾಪಿಗೊಂದು ಕ್ಯಾರಿಯರ್ ಮಾಡುವುದು ಯಾವ ಮಹಾ ಕೆಲಸ?

ನಿಜ ಹೇಳಿಬಿಡುತ್ತೇನೆ, ದೋಣಿ ಬರೀ ನೆಪ. ಬೂದಿಕೋಟೆ ಹತ್ತಿರ ನನ್ನ ಅಕ್ಕನ ಊರಿನ ಕೆರೆ ತುಂಬಿತ್ತು. ಅಕ್ಕನಿಗೂ ನನ್ನ ಹೆಂಡತಿಗೂ ಮೂರು ವರ್ಷದಿಂದ ಮಾತಿರಲಿಲ್ಲ. ನಮ್ಮ ಗೃಹಪ್ರವೇಶಕ್ಕೆ ಅಕ್ಕ ಕೊಟ್ಟ ಸೀರೆಯನ್ನು ನನ್ನವಳು ಬೀರುವಿನಲ್ಲಿಟ್ಟು, ಯಾರು ಕೊಟ್ಟದ್ದೆಂದು ಮರೆತು, ಮುಂದಿನ ಹಬ್ಬಕ್ಕೆ ತಾಂಬೂಲದ ಜೊತೆ ಅಕ್ಕನ ಓರಗಿತ್ತಿಗೇ ಕೊಟ್ಟಿದ್ದಳು. ಆಕೆ ಅದನ್ನುಟ್ಟು ಅಕ್ಕನ ಕಣ್ಣೆದುರೇ ಓಡಾಡಿದಳು. ಸಾಲದೇ? ಅದಕ್ಕೆ ಮೊದಲು ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಅವರ ನಡುವೆ ಸಿಕ್ಕಿ ನಾನು ಹೈರಾಣಾಗಿದ್ದೆ. ಹೇಗಾದರೂ ಇಬ್ಬರನ್ನೂ ಮಾತಾಡಿಸಬೇಕು ಅನ್ನುವುದೊಂದೇ ಆಸೆ.

"ಬತ್ತೀನಿ. ಆದ್ರೆ ಗಾಡಿ ಬಿಟ್ಟು ಇಳಿಯಲ್ಲ," ಎಂದಳು ಹೆಂಡತಿ.

ಹಗ್ಗ ಉಜ್ಜಿ ಬಣ್ಣ ಹೋದೀತೆಂದು ದೋಣಿಗೆ ನನ್ನ ಹಳೆಯ ಬಿಳಿ ಪಂಚೆಗಳನ್ನು ಸುತ್ತಿ ಟಾಪಿನ ಮೇಲೆ ಬಿಗಿಯಾಗಿ ಕಟ್ಟಿದೆ. ಹೊಸದನ್ನು ಪೂಜೆಯಿಲ್ಲದೆ ಹೊರಡಿಸುವುದುಂಟೇ? ಅವಳು ಅರಿಶಿನ ಕುಂಕುಮ ಇಟ್ಟು, ಉದ್ದಕ್ಕೂ ಚೆಂಡುಹೂವಿನ ಹಾರ ಹಾಕಿ, ಮುಂದೆ ಊದುಬತ್ತಿ ಸಿಕ್ಕಿಸಿದಳು. ಆಮೇಲೆ ಸೊಂಟ ನೋವೆಂದು ಹಿಂದಿನ ಮಂಚದಲ್ಲಿ ಮಲಗಿ ಪರದೆ ಎಳೆದುಕೊಂಡಳು.

ಆಂಡರ್ಸನ್‌ಪೇಟೆಯಲ್ಲಿ ಆಟೋಗಳು ತಾವಾಗಿಯೇ ಪಕ್ಕಕ್ಕೆ ಸರಿದವು. ಯಾರಪ್ಪ ಬಂದರೂ ಸೈಡ್ ಕೊಡದ ಬಸ್ಸಿನವನೂ ನಿಧಾನ ಮಾಡಿ ದಾರಿ ಬಿಟ್ಟ. ಪರವಾಗಿಲ್ಲ, ದೋಣಿಗೆ ಎಷ್ಟು ಮರ್ಯಾದೆ ಅಂತ ನಾನು ಉಬ್ಬಿಹೋದೆ. ಬಂಗಾರಪೇಟೆಯಲ್ಲಿ ಟೀಗೆ ನಿಲ್ಲಿಸಿದಾಗ ಮುದುಕರೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು. ನನ್ನ ಭುಜ ತಟ್ಟಿ, "ಧೈರ್ಯವಾಗಿರಪ್ಪ," ಎಂದರು. ನೀರಿಗಿಳಿಯಲು ಧೈರ್ಯ ಬೇಕಲ್ಲ, ಅದಕ್ಕೆ ಹೇಳಿದರು ಅಂದುಕೊಂಡು ತಲೆಯಾಡಿಸಿದೆ.

ಅಕ್ಕ ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಟಾಪಿನ ಮೇಲೆ ನೋಡಿದಳು. ನನ್ನ ಪಕ್ಕದ ಖಾಲಿ ಸೀಟು ನೋಡಿದಳು. ಕ್ಯಾನು ಕೈಜಾರಿತು.

"ಅಯ್ಯೋ ನನ್ ತಾಯೀ! ಒಂದ್ ಸೀರೆಗೋಸ್ಕರ ಮಾತ್ ಬಿಟ್ನಲ್ಲೇ! ನನ್ ಬಾಯಿಗೆ ಮಣ್ಣಾಕ!" ಎಂದು ಎದೆ ಬಡಿದುಕೊಂಡು ವ್ಯಾನಿನ ಮುಂದೆ ಕುಸಿದಳು.

ಆಗ ತಲೆಯೆತ್ತಿ ನೋಡಿದೆ. ಬಿಳಿ ಬಟ್ಟೆ, ಹೂವಿನ ಹಾರ, ಆಳುದ್ದದ ಗಂಟು. ಥೂ, ನನ್ನ ಬುದ್ಧಿಗಿಷ್ಟು! ಹೆಣ ಕಟ್ಟಿದ ಹಾಗೆ ಕಟ್ಟಿಕೊಂಡು ಮೂರು ಊರು ಮೆರವಣಿಗೆ ಮಾಡಿದ್ದೆ.

ಗಲಾಟೆಗೆ ವ್ಯಾನಿನ ಹಿಂದಿನ ಬಾಗಿಲು ತೆರೆಯಿತು. ಕೆದರಿದ ಕೂದಲಲ್ಲೇ ನನ್ನವಳು ಬರಿಗಾಲಲ್ಲಿ ಧುಮುಕಿ ಓಡಿಬಂದಳು. "ಅಕ್ಕಾ, ಏನಾಯ್ತು? ಯಾರ್ ಓಗ್ಬುಟ್ರು?"

ಅಕ್ಕ ಬೆಪ್ಪಾಗಿ ನೋಡಿದಳು. ಎದ್ದು ಅವಳ ಬೆನ್ನಿಗೆ ಎರಡು ಗುದ್ದಿದಳು, ತಬ್ಬಿಕೊಂಡು ಗೊಳೋ ಎಂದಳು. ಆಮೇಲೆ ನನ್ನ ಸರದಿ. "ಲೇ, ನಿನ್ ದೋಣಿಗೆ ಬೆಂಕಿ ಬೀಳ! ಬುದ್ಧಿ ಐತೇನ್ಲಾ ನಿಂಗೆ?"

ದೋಣಿ ಅವತ್ತು ಕೆರೆ ಕಾಣಲಿಲ್ಲ. ಅಕ್ಕ ನನ್ನವಳಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ, ತಲೆಗೆ ನೀರು ಹಾಕಿಸಿ, ಊಟಕ್ಕೆ ಕೂರಿಸಿದಳು. ಸಾರು ಬಡಿಸುತ್ತ, ಮುಖ ನೋಡದೆಯೇ ಕೇಳಿದಳು. "ನಾನೇ ಓಗ್ಬುಟ್ಟಿದ್ರೆ ನೀನ್ ಬತ್ತಿದ್ಯೇನೇ?"

"ಬತ್ತಿದ್ದೆ ಅಕ್ಕ," ಎಂದಳು ನನ್ನವಳು. "ನಿನ್ ತಾವ ಅಳಾಕೆ ಬತ್ತಿದ್ದೆ. ಆದ್ರೆ ನಿಂಗೆಲ್ಲಿ ಗೊತ್ತಾಗ್ತಿತ್ತು?"

ಅಕ್ಕ ಸೌಟು ಕೆಳಗಿಟ್ಟು, ಅವಳ ತಟ್ಟೆಗೇ ಕೈಹಾಕಿ ಒಂದು ತುತ್ತು ಮುದ್ದೆ ಮುರಿದುಕೊಂಡಳು.